ಮರಣದ ಲೆಕ್ಕ: 1918ರ ಇನ್‌ಫ್ಲುಯೆಂಝಾ ಮತ್ತು ಮುಂಬಯಿ ಇಲಾಖೆ

ಪ್ಲೇಗು, ಕಾಲರಾ, ಮೈಲಿಬೇನೆ ಇವುಗಳ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಇತಿಹಾಸದ ಪಾಠಗಳಲ್ಲಿ ಓದಿಯೇ ಇರುವರು. ಆದರೆ ಇವೆಲ್ಲವುಗಳನ್ನು ಮೀರಿಸಿ, ಕೇವಲ ಮೂರು ನಾಲ್ಕು ತಿಂಗಳ ಅವಧಿಯಲ್ಲಿ ಮನೆಮನೆಗಳನ್ನು ಬರಿದುಮಾಡಿ ಹೋದ ಬೇನೆಯೊಂದು ಉಂಟು. ಅದು 1918ನೆಯ ಇಸವಿಯ ಇನ್‌ಫ್ಲುಯೆಂಝಾ. ಮರಾಠಿ ಮಾತನಾಡುವ ನಮ್ಮ ನೆರೆಯವರು ಅದನ್ನು ‘ಮಾನಮೋಡಿ’ ಎಂದು ಕರೆದರು. ಕತ್ತು ಮುರಿಯುವ ಬೇನೆಯೆಂದು ಅದರ ಅರ್ಥ. ಆ ಬೇನೆಯಿಂದ ಹಿಂದುಸ್ತಾನದಲ್ಲಿ ಎಷ್ಟು ಜನರು ಮಡಿದರೆಂದು ಕೇಳಿದರೆ ಒಂದೊಂದು ಗ್ರಂಥವು ಒಂದೊಂದು ಉತ್ತರವನ್ನು ಕೊಡುವದು. 1919ರ ಸರಕಾರಿ ವರದಿಯು 60 ಲಕ್ಷವೆನ್ನುವದು. 1921ರ ಖಾನೇಸುಮಾರಿಯವರು 1 ಕೋಟಿ 20 ಲಕ್ಷಕ್ಕೆ ಕಡಿಮೆಯಿಲ್ಲವೆಂದರು. ಮುಂದೆ ಬಂದ ವಿದ್ವಾಂಸರಲ್ಲಿ ಕೆಲವರು 1 ಕೋಟಿ 80 ಲಕ್ಷದವರೆಗೂ ಹೋಗಿರುವರು. ದೇಶವು ಒಂದೇ, ರೋಗವು ಒಂದೇ, ವರುಷವೂ ಒಂದೇ. ಆದರೂ ಉತ್ತರಗಳಲ್ಲಿ ಮೂರುಪಟ್ಟು ಅಂತರ! ಹೀಗೇಕೆ? ಸತ್ತವರನ್ನು ಎಣಿಸುವದು ಅಷ್ಟು ಕಠಿಣವೇ? ಈ ಪ್ರಶ್ನೆಗೆ ಉತ್ತರವನ್ನು ಕಂಡುಕೊಳ್ಳುವದೇ ಈ ಪಾಠದ ಉದ್ದೇಶ.

ಮೊದಲು ಆ ಕಾಲದ ಆಡಳಿತವನ್ನು ಸ್ವಲ್ಪ ತಿಳಿಯಬೇಕು. ಮುಂಬಯಿ ಇಲಾಖೆಯೆಂದರೆ ಆಗಿನ ಮುಂಬಯಿ ಪ್ರಾಂತ. ಉತ್ತರದಲ್ಲಿ ಸಿಂಧ, ನಡುವೆ ಗುಜರಾಥ, ಕೊಂಕಣ, ದೇಶ, ದಕ್ಷಿಣದಲ್ಲಿ ಬೆಳಗಾವಿ, ವಿಜಾಪುರ, ಧಾರವಾಡ, ಕಾರವಾರಗಳು ಅದರೊಳಗೆ ಸೇರಿದ್ದವು. ಸೊಲ್ಲಾಪುರ ಜಿಲ್ಲೆಯೂ ಅದರಲ್ಲಿಯೇ ಇತ್ತು. ಅಕ್ಕಲಕೋಟೆ, ಜತ್ತಗಳು ಸಂಸ್ಥಾನಗಳಾಗಿದ್ದವು. ಇಲಾಖೆಯ ಬ್ರಿಟಿಷ್ ಜಿಲ್ಲೆಗಳಲ್ಲಿ ಸುಮಾರು 2 ಕೋಟಿ ಜನವಸತಿಯಿತ್ತು.

ಈ 2 ಕೋಟಿ ಜನರ ಹುಟ್ಟುಸಾವುಗಳನ್ನು ಬರೆದಿಡುವವರು ಯಾರು? ವೈದ್ಯರಲ್ಲ. ಹಳ್ಳಿಗಳಲ್ಲಿ ವೈದ್ಯರೇ ಇರಲಿಲ್ಲ. ಅದು ಊರ ಪಾಟೀಲನ ಹೊಣೆ, ಕುಲಕರ್ಣಿಯ ಲೇಖಣಿ. ಯಾರ ಮನೆಯಲ್ಲಿ ಸಾವಾಯಿತೆಂಬುದನ್ನು ಊರ ಸೇವಕನು ಬಂದು ಹೇಳುವನು. ತಾರೀಖು, ಹೆಸರು, ಜಾತಿ, ವಯಸ್ಸು, ಕಾರಣ ಎಂದು ಒಂದು ಸಾಲು ದಫ್ತರದಲ್ಲಿ ಏಳುವದು. ಪಾಲಕರಲ್ಲಿ ಅನೇಕರು ಈ ದಫ್ತರವನ್ನು ಕಣ್ಣಾರೆ ಕಂಡಿರಬಹುದು. ಮಕ್ಕಳ ಜಾತಿಯ ದಾಖಲೆಗಾಗಿ ಮುತ್ತಜ್ಜನ ಜನ್ಮದ ನೋಂದನ್ನು ಹುಡುಕಿಕೊಂಡು ತಹಸೀಲ ಕಚೇರಿಗೆ ಹೋದಾಗ ‘ಕೋತವಾಲ ಬುಕ್’ ಎಂದು ತೆಗೆದುಕೊಡುವರಲ್ಲವೇ, ಅದೇ ಇದು. ಅದರ ಮೋಡಿ ಲಿಪಿಯ ಪುಟಗಳಲ್ಲಿ ಜನ್ಮದ ಪಕ್ಕದಲ್ಲಿಯೇ ಮರಣವೂ ಇರುವದು. ನಾವು ಮಾತ್ರ ನಮಗೆ ಬೇಕಾದ ಒಂದು ಸಾಲನ್ನು ಓದಿ ಮುಚ್ಚಿಬಿಡುವೆವು.

ಹಳ್ಳಿಯ ಈ ಸಾಲುಗಳು ತಿಂಗಳಿಗೊಮ್ಮೆ ಮೊತ್ತವಾಗಿ ತಾಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಇಲಾಖೆಯ ಆರೋಗ್ಯಾಧಿಕಾರಿಗಳಿಗೆ ಏರಿಹೋಗುತ್ತಿದ್ದವು. ಅಲ್ಲಿ ಸಾವುಗಳನ್ನು ಕೆಲವೇ ಖಾನೆಗಳಲ್ಲಿ ಹಂಚುತ್ತಿದ್ದರು: ಕಾಲರಾ, ಮೈಲಿಬೇನೆ, ಪ್ಲೇಗು, ಜ್ವರ, ಆಮಶಂಕೆ ಮತ್ತು ಅತಿಸಾರ, ಶ್ವಾಸರೋಗ, ಅಪಘಾತ, ಇತರೆ. ವಾಚಕರು ಈ ಪಟ್ಟಿಯನ್ನು ಇನ್ನೊಮ್ಮೆ ನೋಡಲಿ. ಇದರಲ್ಲಿ ಇನ್‌ಫ್ಲುಯೆಂಝಾ ಎಂಬ ಖಾನೆಯೇ ಇಲ್ಲ! ಹೀಗಾಗಿ ಆ ಬೇನೆಯಿಂದ ಸತ್ತವನು ಕುಲಕರ್ಣಿಯ ಕೈಯಲ್ಲಿ ಸಾಮಾನ್ಯವಾಗಿ ‘ಜ್ವರ’ದವನಾದನು, ಕೆಮ್ಮು ಹೆಚ್ಚಾಗಿದ್ದರೆ ‘ಶ್ವಾಸರೋಗ’ದವನಾದನು, ಏನೂ ತಿಳಿಯದಿದ್ದರೆ ‘ಇತರೆ’ಯವನಾದನು. ಇದರಲ್ಲಿ ಕುಲಕರ್ಣಿಯ ತಪ್ಪೇನೂ ಇಲ್ಲ. ಈ ರೋಗವನ್ನು ಹುಟ್ಟಿಸುವ ವಿಷಾಣುವನ್ನು ಮನುಷ್ಯರಲ್ಲಿ ಕಂಡುಹಿಡಿದದ್ದೇ 1933ರಲ್ಲಿ, ಲಂಡನ್ನಿನಲ್ಲಿ. 1918ರಲ್ಲಿ ದೊಡ್ಡ ದೊಡ್ಡ ಡಾಕ್ಟರರೂ ಒಂದು ಬೇರೆಯೇ ಸೂಕ್ಷ್ಮಜೀವಿಯನ್ನು ದೂರುತ್ತ ಕುಳಿತಿದ್ದರು.

ಇನ್ನು ಬೇನೆಯು ಬಂದ ಬಗೆಯನ್ನು ನೋಡೋಣ. ಅದು ಮೊದಲನೆಯ ಮಹಾಯುದ್ಧದ ಕೊನೆಯ ವರುಷ. ಸೈನಿಕರನ್ನು ಹೊತ್ತ ಹಡಗುಗಳು ಮುಂಬಯಿ ಬಂದರಕ್ಕೆ ಎಡೆಬಿಡದೆ ಬರುತ್ತಿದ್ದವು. 1918ರ ಜೂನ್ 10ರಂದು ಏಳು ಜನ ಪೋಲೀಸ ಸಿಪಾಯಿಗಳು ಜ್ವರದಿಂದ ಆಸ್ಪತ್ರೆಯನ್ನು ಸೇರಿದರು. ಅವರಲ್ಲಿ ಹಡಗುಕಟ್ಟೆಯ ಕಾವಲಿನವನೂ ಇದ್ದನು. ಕೆಲವೇ ದಿನಗಳಲ್ಲಿ ಹಡಗು ಕಂಪನಿಗಳ ನೌಕರರು, ಬಂದರದ ಕೂಲಿಗಳು, ಗಿರಣಿಯ ಕೆಲಸಗಾರರು ಹಾಸಿಗೆ ಹಿಡಿದರು. ಈ ಮೊದಲ ಅಲೆಯಲ್ಲಿ ಮಲಗಿದವರು ಬಹಳ, ಸತ್ತವರು ಕಡಿಮೆ. ಜುಲೈಯಲ್ಲಿ ಬೇನೆ ಇಳಿಯಿತು. ಜನರು ನಿಟ್ಟುಸಿರು ಬಿಟ್ಟರು. ಸೆಪ್ಟೆಂಬರದಲ್ಲಿ ಅದು ಬೇರೊಂದೇ ರೂಪದಿಂದ ಮರಳಿತು. ಅಕ್ಟೋಬರ 6ರಂದು ಮುಂಬಯಿ ಪಟ್ಟಣವೊಂದರಲ್ಲಿಯೇ 768 ಸಾವುಗಳಾದವು. ಅಲ್ಲಿಂದ ರೇಲ್ವೆಯ ಹಾದಿ ಹಿಡಿದು ಅದು ಒಳನಾಡಿಗೆ ನುಗ್ಗಿತು. ಮುಂಬಯಿಯಿಂದ ಪುಣೆ, ಸೊಲ್ಲಾಪುರ, ಕಲಬುರ್ಗಿ, ರಾಯಚೂರುಗಳ ಮೇಲೆ ಮದ್ರಾಸಿಗೆ ಹೋಗುವ ದಾರಿಯು ಆಗಲೇ ಸಿದ್ಧವಾಗಿತ್ತಲ್ಲವೇ! ಪ್ಲೇಗು ಬಂದಾಗ ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿ ಜೀವ ಉಳಿಸಿಕೊಳ್ಳುತ್ತಿದ್ದರು. ಉಸಿರಿನಿಂದ ಹರಡುವ ಈ ಬೇನೆಯಿಂದ ಓಡಿಹೋಗಲು ಜಾಗವೇ ಉಳಿಯಲಿಲ್ಲ. ಅಕ್ಟೋಬರದಲ್ಲಿ ಇಲಾಖೆಯ ಹಳ್ಳಿಗಳಲ್ಲಿ ಸಾವು ತುತ್ತತುದಿಗೇರಿತು. ದೂರದ ಕಲಕತ್ತೆಯಲ್ಲಿ ಆ ತುದಿಯು ಬಂದದ್ದು ನವೆಂಬರದಲ್ಲಿ. ಪಶ್ಚಿಮದಿಂದ ಪೂರ್ವಕ್ಕೆ ಸಾಗಿದಂತೆ ಅಲೆಯ ಕಸುವು ತಗ್ಗುತ್ತ ಹೋಯಿತೆಂದು ಈಚಿನ ಸಂಶೋಧಕರು ಜಿಲ್ಲೆಗಳ ವಾರವಾರದ ಅಂಕೆಗಳಿಂದ ತೋರಿಸಿರುವರು. ಆದರೆ ಇಂಥ ನಕಾಶೆಯು ಆಗ ಯಾವ ಅಧಿಕಾರಿಯ ಮೇಜಿನ ಮೇಲೂ ಇರಲಿಲ್ಲ. ಬಂಡಿ ಹೋದ ಮೇಲೆ ಧೂಳು ಕಂಡಂತೆ, ಹಳ್ಳಿಯ ಮೊತ್ತವು ಮೇಲಿನವರ ಕೈಸೇರುವ ಹೊತ್ತಿಗೆ ಬೇನೆಯು ಆ ಊರನ್ನು ದಾಟಿಹೋಗಿರುತ್ತಿತ್ತು.

ಖಾನೆಯಿಲ್ಲದ ರೋಗದ ಸಾವುಗಳನ್ನು ಬೇರ್ಪಡಿಸುವದು ಹೇಗೆ? ಇಲ್ಲಿಯೇ ಗಣಿತವು ಸಹಾಯಕ್ಕೆ ಬರುವದು. ಲಂಡನ್ನಿನ ಜನನಮರಣ ಕಚೇರಿಯಲ್ಲಿದ್ದ ವಿಲಿಯಮ್ ಫಾರ್ ಎಂಬ ಗೃಹಸ್ಥನು 1847ರ ಇನ್‌ಫ್ಲುಯೆಂಝಾದ ಕಾಲದಲ್ಲಿ ಒಂದು ಸರಳ ವಿಚಾರವನ್ನು ಮುಂದಿಟ್ಟನು. ರೋಗದ ಹೆಸರನ್ನು ಬಿಟ್ಟುಬಿಡಿ. ಒಟ್ಟು ಸಾವುಗಳನ್ನು ಎಣಿಸಿ. ಆ ಋತುವಿನಲ್ಲಿ ಎಂದಿನಂತೆ ಆಗಬೇಕಾದ ಸಾವುಗಳನ್ನು ಅದರಿಂದ ಕಳೆಯಿರಿ. ಉಳಿದದ್ದೇ ಪಿಡುಗಿನ ಪಾಲು. ಹೀಗೆ ಎಣಿಸಿದಾಗ ಲಂಡನ್ನಿನಲ್ಲಿ ಸುಮಾರು 5 ಸಾವಿರ ಅಧಿಕ ಸಾವುಗಳು ಕಂಡುಬಂದವು. ಡಾಕ್ಟರರು ‘ಇನ್‌ಫ್ಲುಯೆಂಝಾ’ ಎಂದು ಬರೆದವುಗಳಿಗಿಂತ ಇದು ಎಷ್ಟೋ ಹೆಚ್ಚು. ಇದಕ್ಕೆ ‘ಅಧಿಕ ಮರಣ’ದ ಲೆಕ್ಕವೆನ್ನೋಣ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವದು. 1,200 ಜನರಿರುವ ಒಂದು ಹಳ್ಳಿಯನ್ನು ಕಲ್ಪಿಸಿಕೊಳ್ಳಿರಿ. ಊರೂ ಕಲ್ಪಿತ, ಅಂಕೆಗಳೂ ಕಲ್ಪಿತ. 1913ರಿಂದ 1917ರವರೆಗಿನ ಐದು ಅಕ್ಟೋಬರಗಳಲ್ಲಿ ಆ ಊರಿನಲ್ಲಿ ಕ್ರಮವಾಗಿ 3, 4, 2, 5, 3 ಸಾವುಗಳಾಗಿವೆ. ಮೊತ್ತ 17, ಸರಾಸರಿ 3.4. 1918ರ ಅಕ್ಟೋಬರದಲ್ಲಿ 61 ಸಾವುಗಳಾದವು. ಆದಕಾರಣ ಅಧಿಕ ಮರಣವು 61ರಿಂದ 3.4 ಕಳೆದರೆ 57.6, ಎಂದರೆ ಸುಮಾರು 58. ಈಗ ಕುಲಕರ್ಣಿಯು ಈ 61ರಲ್ಲಿ 49ನ್ನು ಜ್ವರವೆಂದೂ, 4ನ್ನು ಶ್ವಾಸರೋಗವೆಂದೂ, 8ನ್ನು ಇತರೆಯೆಂದೂ ಬರೆದಿದ್ದನೆನ್ನೋಣ. ಬರಿಯ ಜ್ವರದ ಖಾನೆಯನ್ನು ನಂಬಿ, ಆ ತಿಂಗಳಿನ ಎಂದಿನ ಮಲೇರಿಯಾ ಜ್ವರದ 2 ಸಾವುಗಳನ್ನು ಕಳೆದಿದ್ದರೆ ಉತ್ತರವು 47 ಆಗುತ್ತಿತ್ತು. ಹನ್ನೊಂದು ಜನರು ಲೆಕ್ಕದ ಹೊರಗೆ ಉಳಿದಂತಾಯಿತು. ಒಂದು ಊರಿನಲ್ಲಿ ಹನ್ನೊಂದಾದರೆ ಒಂದು ಇಲಾಖೆಯಲ್ಲಿ ಎಷ್ಟು?

‘ಎಂದಿನಂತೆ’ ಎಂಬ ಮಾತಿನಲ್ಲಿಯೇ ಒಂದು ತೊಡಕು ಇದೆ. 1896ರಿಂದ ಮುಂಬಯಿ ಇಲಾಖೆಯಲ್ಲಿ ಪ್ಲೇಗು ನೆಲೆಯೂರಿತ್ತು. ನಮ್ಮ ಕಲ್ಪಿತ ಊರಿಗೆ 1917ರ ಅಕ್ಟೋಬರದಲ್ಲಿ ಪ್ಲೇಗು ಬಂದು 3ರ ಬದಲು 20 ಸಾವುಗಳಾಗಿದ್ದರೆ? ಆಗ ಮೊತ್ತ 34, ಸರಾಸರಿ 6.8 ಆಗುವದು. ಒಂದು ಕೆಟ್ಟ ವರುಷವು ಇಡೀ ಸರಾಸರಿಯನ್ನು ಎರಡುಪಟ್ಟು ಮಾಡಿತು. ಹಳೆಯ ಪಿಡುಗು ಹೊಸ ಪಿಡುಗಿನ ಪಾಲನ್ನು ಮುಚ್ಚಿಟ್ಟಿತು. ಮೇಲಿನ ವರ್ಗದ ವಿದ್ಯಾರ್ಥಿಗಳು ಇಲ್ಲಿ ಮಧ್ಯಾಂಕವನ್ನು ನೆನೆಯಬೇಕು. 2, 3, 4, 5, 20 ಎಂದು ಏರಿಕೆಯಲ್ಲಿ ಇಟ್ಟರೆ ನಡುವಿನದು 4. ಅದು ಪ್ಲೇಗಿನ ವರುಷಕ್ಕೆ ಅಂಜುವದಿಲ್ಲ.

ಇನ್ನೊಂದು ತೊಡಕನ್ನು ಯಾವ ಗಣಿತವೂ ಬಿಡಿಸಲಾರದು. 1918ರಲ್ಲಿ ಮಳೆಯು ಕೈಕೊಟ್ಟಿತ್ತು. ದೇಶದ ಬಹುಭಾಗದಲ್ಲಿ ಬೆಳೆ ಒಣಗಿತು. ಕಾಳಿನ ಬೆಲೆ ಗಗನಕ್ಕೇರಿತು. ಅರೆಹೊಟ್ಟೆಯಲ್ಲಿದ್ದವನಿಗೆ ಬೇನೆ ತಗಲಿ ಸತ್ತರೆ ಆ ಸಾವನ್ನು ಹಸಿವಿನ ಲೆಕ್ಕಕ್ಕೆ ಬರೆಯಬೇಕೋ, ಜ್ವರದ ಲೆಕ್ಕಕ್ಕೋ? ಅಧಿಕ ಮರಣವು ಇಬ್ಬರನ್ನೂ ಕೂಡಿಯೇ ಎಣಿಸುವದು. ನನ್ನ ಮಟ್ಟಿಗೆ ಇದು ಆ ಲೆಕ್ಕದ ದೋಷವಲ್ಲ. ಆ ವರುಷದ ಸತ್ಯವೇ ಹಾಗಿತ್ತು.

ಹಿಂದುಸ್ತಾನ ಸರಕಾರದ ಆರೋಗ್ಯ ಕಮಿಶನರನಾಗಿದ್ದ ನಾರ್ಮನ್ ವ್ಹಾಯಿಟ್ ಎಂಬುವನು 1919ರ ತನ್ನ ವರದಿಯಲ್ಲಿ ಬ್ರಿಟಿಷ್ ಪ್ರಾಂತಗಳಿಗೆ ಸುಮಾರು 50 ಲಕ್ಷವನ್ನೂ, ಸಂಸ್ಥಾನಗಳಿಗೆ ಅಂದಾಜಿನಿಂದ ಇನ್ನು 10 ಲಕ್ಷವನ್ನೂ ಹೇಳಿದನು. ಮೇಲೆ ಹೇಳಿದ 60 ಲಕ್ಷವು ಹುಟ್ಟಿದ್ದು ಹೀಗೆ. ಈ ಅಂಕೆ ಅಷ್ಟು ಸಣ್ಣದಾಗಲು ಕಾರಣವೇನು? ಬರೆಯುವವರೇ ಮಲಗಿದ್ದರು. ಪಾಟೀಲನ ಮನೆಯಲ್ಲಿಯೂ ಬೇನೆ, ಕುಲಕರ್ಣಿಯ ಮನೆಯಲ್ಲಿಯೂ ಬೇನೆ, ಸುದ್ದಿ ತರುವ ಸೇವಕನೂ ಹಾಸಿಗೆಯಲ್ಲಿ. ಹೆಣ ಹೊರಲು ಜನರಿಲ್ಲದ ಊರಿನಲ್ಲಿ ದಫ್ತರ ಬರೆಯಲು ಯಾರು ಕೂಡ್ರುವರು? ಸಾವು ಹೆಚ್ಚಾದಷ್ಟೂ ನೋಂದು ಕಡಿಮೆಯಾಗುವದು. ಪಿಡುಗಿನ ಅಂಕೆಗಳನ್ನು ಓದುವವರು ಈ ಮಾತನ್ನು ಎಂದೂ ಮರೆಯಕೂಡದು.

ದಫ್ತರವು ಸೋತಲ್ಲಿ ಖಾನೇಸುಮಾರಿಯು ಕೈಹಿಡಿಯಿತು. ಈಗಿನ ಭಾರತದ ಸೀಮೆಯೊಳಗೆ 1911ರಲ್ಲಿ 25 ಕೋಟಿ 20 ಲಕ್ಷ ಜನರಿದ್ದರು. ಹತ್ತು ವರುಷಗಳಲ್ಲಿ ಬೆಳೆಯಬೇಕಾಗಿತ್ತು. 1921ರಲ್ಲಿ ಎಣಿಸಿದಾಗ 25 ಕೋಟಿ 13 ಲಕ್ಷವೇ ಸಿಕ್ಕಿತು. ಕ್ರಮವಾದ ಖಾನೇಸುಮಾರಿ ಆರಂಭವಾದಂದಿನಿಂದ ನಮ್ಮ ದೇಶದ ಜನಸಂಖ್ಯೆಯು ಹತ್ತು ವರುಷಗಳಲ್ಲಿ ಇಳಿದದ್ದು ಅದೊಂದೇ ಸಲ. ಇರಬೇಕಾಗಿದ್ದವರೆಷ್ಟು, ಇದ್ದವರೆಷ್ಟು ಎಂದು ಹೋಲಿಸಿ 1951ರಲ್ಲಿ ಕಿಂಗ್ಸ್ಲಿ ಡೇವಿಸ್ ಎಂಬ ಅಮೇರಿಕದ ಪಂಡಿತನು 1 ಕೋಟಿ 80 ಲಕ್ಷಕ್ಕೂ ಮಿಕ್ಕಿದ ಅಂದಾಜನ್ನು ಮಾಡಿದನು. 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಜಿಲ್ಲೆಜಿಲ್ಲೆಗಳ ಖಾನೇಸುಮಾರಿಯನ್ನು ಹೋಲಿಸಿ, ಬ್ರಿಟಿಷ್ ಆಡಳಿತದ ಭಾಗಗಳಲ್ಲಿ ಸುಮಾರು 1 ಕೋಟಿ 38 ಲಕ್ಷವೆಂದಿತು. ಮುಂಬಯಿ ಇಲಾಖೆಯ ಪಾಲು ಸುಮಾರು 10 ಲಕ್ಷ. 2 ಕೋಟಿಯಲ್ಲಿ 10 ಲಕ್ಷವೆಂದರೆ ಇಪ್ಪತ್ತು ಜನರಲ್ಲಿ ಒಬ್ಬರು. ನಾಲ್ವತ್ತು ಜನರಿರುವ ನಿಮ್ಮ ವರ್ಗದಲ್ಲಿ ಎರಡು ಮಣೆಗಳು ಬರಿದಾದವೆಂದು ತಿಳಿಯಿರಿ.

ಆದರೆ ‘ಇಪ್ಪತ್ತರಲ್ಲಿ ಒಬ್ಬರು’ ಎಂಬ ಮಾತೂ ಸರಾಸರಿಯೇ. ಅದರ ಹಿಂದೆ ಇನ್ನೊಂದು ಸತ್ಯವು ಅಡಗಿರುವದು. ಮುಂಬಯಿ ಪಟ್ಟಣದಲ್ಲಿ ಸಾವುಗಳನ್ನು ಸಮಾಜಗಳ ಪ್ರಕಾರ ವಿಂಗಡಿಸಿದ್ದರು. ಸಾವಿರಕ್ಕೆ ಯುರೋಪಿಯನ್ನರಲ್ಲಿ 8.3, ಪಾರಸಿಗಳಲ್ಲಿ 9, ಮುಸಲ್ಮಾನರಲ್ಲಿ 19.2, ಮೇಲುಜಾತಿಯ ಹಿಂದುಗಳಲ್ಲಿ 18.9 ಸಾವುಗಳಾದವು. ಆಗ ‘ಕೆಳಜಾತಿ’ಯೆಂದು ಬರೆಯಲ್ಪಟ್ಟವರಲ್ಲಿ ಅದು 61.6! ವಿಷಾಣುವಿಗೆ ಜಾತಿಯು ತಿಳಿಯದು. ಒಂದೇ ಖೋಲಿಯಲ್ಲಿ ಹತ್ತು ಜನರು ಮಲಗುವ ಚಾಳಿಗೆ, ದಿನಗೂಲಿ ತಪ್ಪಿದರೆ ಒಲೆ ಹೊತ್ತದ ಮನೆಗೆ, ಅದು ಹೆಚ್ಚು ಸುಲಭವಾಗಿ ನುಗ್ಗಿತು. ವಯಸ್ಸಿನ ಖಾನೆಯೂ ವಿಚಿತ್ರವಾಗಿದ್ದಿತು. ಎಂದಿನ ಬೇನೆಗಳು ಕೂಸುಗಳನ್ನೂ ಮುದುಕರನ್ನೂ ಒಯ್ಯುವವು. ಇದು 20ರಿಂದ 40 ವರುಷದ ದುಡಿಯುವ ಜನರನ್ನು ಹೆಚ್ಚಾಗಿ ಒಯ್ದಿತು. ಅವರಲ್ಲಿಯೂ ಹೆಂಗಸರ ಮರಣಪ್ರಮಾಣವು ಗಂಡಸರದಕ್ಕಿಂತ ಹೆಚ್ಚಿತ್ತು. ಮನೆಯ ರೋಗಿಗಳ ಶುಶ್ರೂಷೆಯೆಲ್ಲ ಅವರ ಪಾಲಿನದು, ಊಟದಲ್ಲಿ ಕೊನೆಯ ಪಂಕ್ತಿಯೂ ಅವರದೇ. ತಾಯಂದಿರೇ ಹೋದಮೇಲೆ 1919ರಲ್ಲಿ ಜನನಗಳೂ ಬಹಳ ಇಳಿದವು. ಇದೆಲ್ಲವನ್ನೂ ನಾವು ಇಂದು ಬಲ್ಲೆವಾದರೆ, ಅದು ಸಾವಿನ ಸಾಲಿನಲ್ಲಿ ವಯಸ್ಸು, ಲಿಂಗ, ಜಾತಿಗಳನ್ನು ಬರೆದಿಟ್ಟ ಕಾರಣದಿಂದ.

ಅನಂತರದ ಪಿಡುಗುಗಳಲ್ಲಿ ಎಣಿಕೆಯು ಸುಧಾರಿಸಿತೇ? ರೋಗವನ್ನು ಗುರುತಿಸುವದು ಬಹಳ ಸುಧಾರಿಸಿತು. 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೇಶದೇಶಗಳ ಪ್ರಯೋಗಶಾಲೆಗಳನ್ನು ಇನ್‌ಫ್ಲುಯೆಂಝಾದ ಕಾವಲಿಗಾಗಿ ಜೋಡಿಸಿತು. ಭಾರತದಲ್ಲಿ ಆ ಕೇಂದ್ರವು ಕನ್ನಡಿಗರೂ ನೆಲೆಸಿದ ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿತ್ತು. 1957ರ ಮೇ ತಿಂಗಳಲ್ಲಿ ಸಿಂಗಾಪುರದಿಂದ ಮದ್ರಾಸಿಗೆ ಬಂದ ಹಡಗಿನೊಡನೆ ಹೊಸ ವಿಷಾಣುವು ಇಳಿದಾಗ ಕೂನೂರಿನವರು ಅದನ್ನು ಬೆನ್ನಟ್ಟಿ ಅಭ್ಯಸಿಸಿದರು. ಮುಂದಿನ ಫೆಬ್ರುವರಿಯವರೆಗೆ ದೇಶದಲ್ಲಿ ವರದಿಯಾದ ರೋಗಿಗಳು ಸುಮಾರು 44 ಲಕ್ಷ. ವರದಿಯಾದ ಸಾವುಗಳು ಸುಮಾರು 1,100. ಆ ಬೇನೆಯು 1918ರದಕ್ಕಿಂತ ಬಹಳ ಸೌಮ್ಯವಾಗಿತ್ತೆಂಬುದು ನಿಜ. ಆದರೂ ‘ವರದಿಯಾದ’ ಎಂಬ ವಿಶೇಷಣವನ್ನು ಬಿಟ್ಟು ಆ ಅಂಕೆಯನ್ನು ಓದಬಾರದು.

2009ರ ಪಿಡುಗು ಇದಕ್ಕೆ ಒಳ್ಳೆಯ ನಿದರ್ಶನ. ಆ ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿ ಭಾರತದ ಮೊದಲ ರೋಗಿ ಸಿಕ್ಕನು. ಆಗಸ್ಟ 3ರಂದು ಪುಣೆಯಲ್ಲಿ ಮೊದಲ ಸಾವಾಯಿತು. ಪ್ರಯೋಗಶಾಲೆಯಲ್ಲಿ ಖಚಿತವಾದ ಸಾವುಗಳು ಇಡೀ ಜಗತ್ತಿನಲ್ಲಿ ಸುಮಾರು 18,500. ಮುಂದೆ ಶಾಸ್ತ್ರಜ್ಞರು ಲೆಕ್ಕಹಾಕಿದಾಗ ಮೊದಲ ವರುಷದ ನಿಜವಾದ ಸಾವುಗಳು ಒಂದೂವರೆ ಲಕ್ಷದಿಂದ ಐದೂಮುಕ್ಕಾಲು ಲಕ್ಷದ ನಡುವೆ ಇರಬಹುದೆಂದು ಹೊರಬಿತ್ತು. ಪರೀಕ್ಷೆಗೆ ಮಾದರಿ ಕಳಿಸುವ ಆಸ್ಪತ್ರೆಯೇ ಇಲ್ಲದ ಊರಿನ ಸಾವು ಪ್ರಯೋಗಶಾಲೆಯ ಪಟ್ಟಿಯಲ್ಲಿ ಎಂದೂ ಏರದು. ಕೋವಿಡ್ ಕಾಲದಲ್ಲಿಯೂ ಇದೇ ವಾದವು ಎದ್ದಿತು. 2020 ಮತ್ತು 2021ರಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಅಧಿಕ ಮರಣಗಳಾದವೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿತು. ಸರಕಾರದ ಅಂಕೆಯು 5 ಲಕ್ಷದ ಒಳಗಿತ್ತು. ಆ ಲೆಕ್ಕದ ರೀತಿಯನ್ನೇ ಸರಕಾರವು ಒಪ್ಪಲಿಲ್ಲ.

ಪಾಲಕರಿಗೆ ಒಂದು ಸೂಚನೆ. 1969ರ ಜನನ ಮರಣ ನೋಂದಣಿಯ ಕಾನೂನಿನಂತೆ ಮನೆಯ ಸಾವನ್ನು 21 ದಿನಗಳೊಳಗೆ ತಿಳಿಸಬೇಕು. ಆಸ್ತಿಯಿದ್ದ ಗಂಡಸು ತೀರಿಕೊಂಡರೆ ವಾರಸಿಗಾಗಿ ಎಲ್ಲರೂ ಧಾವಿಸುವರು. ಮುದುಕಿಯೋ ಎಳೆಗೂಸೋ ಹೋದರೆ ‘ಇನ್ನೇತಕ್ಕೆ ಆ ಕಾಗದ’ ಎನ್ನುವರು. ಕಾರಣವನ್ನು ವೈದ್ಯರಿಂದ ಬರೆಯಿಸುವ ರೂಢಿಯಂತೂ ಇನ್ನೂ ಕಡಿಮೆ. 2020ರಲ್ಲಿ ದೇಶದಲ್ಲಿ ನೋಂದಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ಪ್ರಮಾಣಿಸಿದವು ಕಾಲುಭಾಗಕ್ಕಿಂತ ಕಡಿಮೆ. ಅಧಿಕ ಮರಣದ ಲೆಕ್ಕಕ್ಕೆ ಪಿಡುಗಿನ ವರುಷದ ದಫ್ತರವಷ್ಟೇ ಸಾಲದೆಂಬುದನ್ನು ಮೇಲಿನ ಉದಾಹರಣೆಯಲ್ಲಿ ಕಂಡೆವು. ಅದಕ್ಕಿಂತ ಹಿಂದಿನ ಐದು ಸಾಮಾನ್ಯ ವರುಷಗಳು, ಯಾರೂ ಗಮನಿಸದ ವರುಷಗಳು, ಸರಿಯಾಗಿ ಬರೆಯಲ್ಪಟ್ಟಿರಬೇಕು.

ಅಭ್ಯಾಸಕ್ಕಾಗಿ:

1. ಒಂದು ಕಲ್ಪಿತ ಊರಿನಲ್ಲಿ ಐದು ನವೆಂಬರಗಳ ಸಾವುಗಳು 8, 6, 9, 7, 10. ಪಿಡುಗಿನ ನವೆಂಬರದಲ್ಲಿ 126. ಅಧಿಕ ಮರಣವನ್ನು ಕಂಡುಹಿಡಿಯಿರಿ. ಐದನೆಯ ಅಂಕೆಯು 10ರ ಬದಲು 40 ಆಗಿದ್ದರೆ ಸರಾಸರಿಯಿಂದಲೂ ಮಧ್ಯಾಂಕದಿಂದಲೂ ಬರುವ ಉತ್ತರಗಳನ್ನು ಹೋಲಿಸಿರಿ.

2. ಬೇನೆಯ ಸುಳಿವು ಸಾವಿಗಿಂತ ಮೊದಲು ಶಾಲೆಯ ಹಾಜರಿಪಟದಲ್ಲಿ ಕಾಣುವದು. ಗುರುಗಳ ಅಪ್ಪಣೆ ಪಡೆದು ನಿಮ್ಮ ವರ್ಗದ ಕಳೆದ ಮೂರು ವರುಷಗಳ ಹಾಜರಿಯಿಂದ, ಹೆಸರುಗಳನ್ನು ಬಿಟ್ಟು, ವಾರಕ್ಕೆ ಎಷ್ಟು ಜನರು ಗೈರುಹಾಜರಾಗಿದ್ದರೆಂಬುದರ ಆಲೇಖವನ್ನು ಬರೆಯಿರಿ. ಯಾವ ವಾರವು ‘ಎಂದಿನಂತೆ’ ಇಲ್ಲ? ಆ ವಾರ ಊರಲ್ಲಿ ಜಾತ್ರೆಯಿತ್ತೋ, ಸುಗ್ಗಿಯಿತ್ತೋ, ಜ್ವರವಿತ್ತೋ ಎಂಬುದನ್ನು ಮನೆಯವರನ್ನು ಕೇಳಿ ಪಕ್ಕದಲ್ಲಿ ಬರೆಯಿರಿ.